ಕ್ಷೌರದ ಪೆಟ್ಟಿಗೆಯ ಪಟಿಕ

ಕಲಬುರಗಿಯ ನಮ್ಮ ಓಣಿಯ ಕ್ಷೌರಿಕರು, ಗದ್ದಕ್ಕೆ ಕತ್ತಿ ತಾಗಿ ರಕ್ತ ಬಂದರೆ ಪಟಿಕ ಒತ್ತಿ, ತಲೆ ಓರೆ ಮಾಡಿ, "ನಿಂತ್ತು ನೋಡ್ರಿ ಸಾಹೇಬ್ರ!" ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಧನುರ್ವಾಯುವಿನ ತನಕ ಯೋಚಿಸಿ ಮುಗಿಸಿರುತ್ತಿದ್ದೆ.

ಕಮಲಾಪುರದಲ್ಲಿ ತಂಗಿಯ ಮಗನ ಮದುವೆ. ಮದುಮಗನ ಕ್ಷೌರಕ್ಕೆ ಅವರನ್ನೂ ಕರೆದೊಯ್ದಿದ್ದೆವು. ಬೆಳಿಗ್ಗೆ ಬಂದ ಟ್ಯಾಂಕರ್ ನೀರು ಚಹಾದಂತೆ ಕೆಂಪಗಿತ್ತು. ಬೀಗರು ಬರುವ ಹೊತ್ತು. ಆ ನೀರಲ್ಲಿ ಅಕ್ಕಿ ತೊಳೆಯಲು ಅಡುಗೆಯವರು ಒಪ್ಪಲಿಲ್ಲ. ಮದುವೆಯೇ ಮುರಿಯಿತೆಂದು ನಾನು ಬೆವರತೊಡಗಿದೆ.

ನಮ್ಮ ಕ್ಷೌರಿಕರು ಪೆಟ್ಟಿಗೆಯಿಂದ ಪಟಿಕದ ಗಡ್ಡೆ ತೆಗೆದು, ಆ ನೀರು ತುಂಬಿಸಿಟ್ಟ ಡ್ರಮ್ಮಿಗೆ ಕೈಹಾಕಿದರು.

"ಏ ಕಾಕಾ, ಊರ ಮಂದಿ ಗದ್ದಕ್ಕ ಹಚ್ಚಿದ್ದು ಬೀಗರಿಗೆ ಕುಡಸ್ತೀಯೇನು?" ತಂಗಿ ಚೀರಿದಳು.

"ಹೊಸಾದು ಅದ ಯವ್ವಾ, ಕಾಗದ ಈಗ ಬಿಚ್ಚೀನಿ! ನಳದ ನೀರಿಗೂ ಸರ್ಕಾರದವರು ಇದನ್ನೇ ಹಾಕ್ತಾರ."

ತೋಳು ಮುಳುಗಿಸಿ ಗರಗರ ಸುತ್ತಿಸಿ, ಯಾರೂ ಮುಟ್ಟದಂತೆ ಕಾವಲು ನಿಂತರು. ಅರ್ಧ ತಾಸಿನಲ್ಲಿ ಮಣ್ಣು ಮೋಡಗಟ್ಟಿ ಕೆಳಗಿಳಿಯಿತು! ಅಡುಗೆಯವರು ಮೇಲಿನ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು, "ಒಲಿ ಹಚ್ಚ್ರೋ!" ಎಂದರು.

ನಮ್ಮ ಕ್ಷೌರಿಕರು ತೊಟ್ಟಿಕ್ಕುವ ತೋಳೆತ್ತಿ, "ನಿಂತ್ತು ನೋಡ್ರಿ! ಏ, ಬಾಜಾ ಬಾರಸ್ರೋ!" ಎಂದು ಕೂಗಿದರು. ಬಾಜಾ ಕೇಳಿ ಬೀಗರು ಬಂದರೆಂದು ತಿಳಿದ ಹೆಂಗಸರು ಆರತಿ ತಟ್ಟೆ ಹಿಡಿದು ಓಡಿಬಂದು ಡ್ರಮ್ಮಿನ ಮುಂದೆ ನಿಂತರು.