ಕೆಲಸಕ್ಕೆ ಬಂದ ಇಂಜಿನ್

ನನಗಾಗ ಅರವತ್ತೆರಡು, ಇದು ಆರು ವರ್ಷದ ಹಿಂದಿನ ಮಾತು. ನಮ್ಮ ಅಕ್ಕನ ಗಂಡ, ನನಗೆ ಭಾವ, ಬಾನೆಟ್ ಎತ್ತಿ ಎಡಗಿವಿ ಇಂಜಿನ್ ಕಡೆ ಬಾಗಿಸಿ ನಿಂತಿರೋರು. ಕಿವಿ ತುಂಬ ಬಿಳಿ ಕೂದಲು, ಅದರ ತುದಿಗೆಲ್ಲ ಗ್ರೀಸು. ಬ್ಯಾಟರಾಯನಪುರದ ಅವರ ಮನೇಲಿದ್ದ ಆ ಕಾರು ಅವರಪ್ಪ ತಂದಿದ್ದು, ನನಗಿಂತ ಹಿರಿದು.

ಅದೇ ಕಾರಲ್ಲಿ ನಂಗೆ ಡ್ರೈವಿಂಗ್ ಕಲಿಸಿದ್ದು ಭಾವ, ಹೆಬ್ಬಾಳದಲ್ಲಿ ಫ್ಲೈಓವರ್ ಇಲ್ಲದ ಕಾಲಕ್ಕೆ. ಗಂಡ ಸತ್ತು, ತಲೆ ಮೇಲೆ ಸೊಪ್ಪು ಹೊತ್ತು ಮಾರ್ತಿದ್ದೆ. "ಓದಕ್ಕೆ ಬರಲ್ಲ ಭಾವ" ಅಂದರೆ, "ಇಂಜಿನ್ನೇನು ಕಾಗದ ಬರೀತದಾ? ಅದು ಕೂಗುತ್ತೆ, ನೀನು ಗೇರ್ ಹಾಕು" ಅನ್ನೋರು. ಆಮೇಲೆ ಸೊಪ್ಪಿನ ವ್ಯಾನ್ ಓಡಿಸೇ ಬದುಕಿದೆ.

ಆ ವರ್ಷ ಕಾರು ಹೊಗೆ ಉಗುಳಕ್ಕೆ ಶುರು ಮಾಡ್ತು. ಮೆಕ್ಯಾನಿಕ್ ಬಂದು ನೋಡಿ, "ಇಂಜಿನ್ ಕೆಲಸಕ್ಕೆ ಬಂದಿದೆ ಸಾರ್" ಅಂದ. ರಿಪೇರಿಗೆ ಬಂದಿದೆ ಅಂತ ಅವರ ಭಾಷೇಲಿ. ಭಾವ ಮಗನ ಕಡೆ ನೋಡಿ, "ಈ ಮನೇಲಿ ಕೆಲಸಕ್ಕೆ ಬಂದಿರೋದು ಅದೊಂದೇ" ಅಂದರು. ಮಗ ನಗಲಿಲ್ಲ. ಅವನಿಗೆ ಹಳೇದನ್ನ ಗುಜರಿಗೆ ಹಾಕಿ, ಹೊಸ ಇಂಜಿನ್ ಕೂರಿಸಿ, ಏಸಿ ಹಾಕಿಸಿ, ಮದುವೆಗಳಿಗೆ ಬಾಡಿಗೆ ಬಿಡೋ ಆಸೆ.

ಭಾವ ನನ್ನ ಕರೆಸಿದರು. "ನೀನು ಹೇಳಮ್ಮ, ರಿಪೇರಿನೋ, ಬದಲಾಯಿಸೋದೋ?"

"ಚಿಕ್ಕಮ್ಮಂಗೇನಪ್ಪ ಗೊತ್ತು? ಹೆಬ್ಬೆಟ್ಟು" ಅಂದ ಮಗ, ನನ್ನೆದುರಿಗೇ. ನನ್ನ ಸೊಪ್ಪಿನ ಸಾರು ತಿಂದು ಬೆಳೆದ ನಾಲಿಗೆ.

"ಅವಳು ಈ ಕಾರು ಓಡಿಸಿದಾಳೆ ಕಣೋ. ನೀನು ಕೂತಿದೀಯ, ಅಷ್ಟೆ."

ಒಂದು ಸುತ್ತು ಓಡಿಸಿ ಬಂದೆ. "ಇನ್ನೂ ಗಟ್ಟಿ ಇದೆ ಭಾವ. ರಿಪೇರಿ ಮಾಡ್ಸಿ, ಬದಲಾಯಿಸಬೇಡಿ" ಅಂದೆ. ಹಂಗೇ ಆಗಲಿ ಅಂದರು.

ಆ ವಾರವೇ ಎದೆ ನೋವು ಬಂದು ಹೋಗಿಬಿಟ್ಟರು. ತಿಥಿ ಊಟದ ಎಲೆ ಇನ್ನೂ ಎತ್ತಿರಲಿಲ್ಲ, ಮಗ ಫೋನಲ್ಲಿ ಹೊಸ ಇಂಜಿನ್ನಿಗೆ ಚೌಕಾಸಿ ಮಾಡ್ತಿದ್ದ.

"ನಿಮ್ಮಪ್ಪ ಬೇಡ ಅಂದಿದ್ರಲ್ಲೋ?"

"ಅಪ್ಪ ಈಗ ಇಲ್ವಲ್ಲ ಚಿಕ್ಕಮ್ಮ."

ಮೈಯೆಲ್ಲ ಉರಿದುಹೋಯ್ತು. ಸತ್ತೋರ ಮಾತಿಗೆ ಎಲೆ ಎತ್ತೋವರೆಗೂ ಆಯಸ್ಸು ಬೇಡವಾ? ಒಳಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕಾರಿನ ಕೀ ನನ್ನ ಕೈಗೆ ಹಾಕಿದಳು. "ಇನ್ಮೇಲೆ ಅದು ನಂದು ಕಣೆ. ಅವರು ಹೇಳಿದಂಗೇ ಮಾಡ್ಸು."

ಮಾರನೇ ದಿನ ಬೆಳಿಗ್ಗೆ ಕಾರು ತೆಗೆದೆ. ಹಿಂದಿನೋರು ಹಾರ್ನ್ ಹೊಡೆದು ಬೈದರು, ಬೈಕೊಳ್ಳಲಿ ಅಂತ ಹೊಗೆ ಬಿಟ್ಟುಕೊಂಡೇ ಗೊರಗುಂಟೆಪಾಳ್ಯದ ಗ್ಯಾರೇಜ್ ಮುಟ್ಟಿಸಿದೆ. ರಿಪೇರಿ ಮಾಡಪ್ಪ ಅಂತ ಮೆಕ್ಯಾನಿಕ್ಕಿಗೆ ಹೇಳಿ, ಅವನು ಇಂಜಿನ್ ಬಿಚ್ಚೋ ತನಕ ಸ್ಟೂಲ್ ಹಾಕ್ಕೊಂಡು ಅಲ್ಲೇ ಕೂತೆ.