ಹನ್ನೆರಡನೆಯ ಕುರ್ಚಿ

ಚೌರಪ್ಪಣ್ಣನಿಗೆ ಸುಳ್ಳು ಹೇಳಿದವನು ನಾನು. ಪವಿತ್ರ ಗುರುವಾರದ ದಿನ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ತಾನೂ ಒಬ್ಬನಾಗಬೇಕೆಂದು ಅವನು ಆಸೆಪಟ್ಟು ಕೇಳಿದಾಗ, ಜಾಗವಿದ್ದೂ ಇಲ್ಲವೆಂದೆ. ಕಾರಣ — ಅವನ ಕಾಲು. ಬೇರೆ ಯಾವ ಕಾರಣವೂ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಗುರುವಾರ ಸಂಜೆ ನಮ್ಮ ಚರ್ಚಿನಲ್ಲಿ ಹನ್ನೆರಡು ಕುರ್ಚಿ ಹಾಕುತ್ತಾರೆ. ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಮಂಡಿಯೂರಿ ಹನ್ನೆರಡು ಮಂದಿಯ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ತಮಾಷೆಯೆಂದರೆ, ಕೂರುವವರೆಲ್ಲ ಮನೆಯಲ್ಲೇ ಕಾಲು ತಿಕ್ಕಿ ತೊಳೆದು, ಕೆಲವರು ಪೌಡರನ್ನೂ ಬಳಿದುಕೊಂಡು ಬರುತ್ತಾರೆ. ಅವರನ್ನು ಆರಿಸುವ ಕೆಲಸ ನನ್ನದಾಗಿತ್ತು. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಚಪ್ಪಲಿ ಅಂಗಡಿ. ಜನರ ಮುಖಕ್ಕಿಂತ ಪಾದವೇ ನನಗೆ ಚೆನ್ನಾಗಿ ಗೊತ್ತು. ಈ ಇನ್ನಾಸಪ್ಪ ಆರಿಸಿದರೆ ಮುಗಿಯಿತು ಎಂದು ಒಳಗೊಳಗೇ ಬೀಗುತ್ತಿದ್ದೆ.

ಚೌರಪ್ಪಣ್ಣ ಬಾಬುರಾಯನಕೊಪ್ಪಲಿನವನು. ನೀರುಗಂಟಿ — ಅಂದರೆ ನಾಲೆಯ ನೀರನ್ನು ಸರದಿಯ ಪ್ರಕಾರ ಎಲ್ಲರ ಗದ್ದೆಗೂ ತಿರುಗಿಸುವವನು. ದಿನವಿಡೀ ಕೆಸರಿನಲ್ಲಿ ನಿಂತು ಬೆರಳ ಸಂದಿಯೆಲ್ಲ ಹುಣ್ಣಾಗಿ, ಹಿಮ್ಮಡಿ ಒಡೆದು... ನನ್ನ ಅಂಗಡಿಯ ಯಾವ ಚಪ್ಪಲಿಯೂ ಆ ಕಾಲಿಗೆ ಹೊಂದುತ್ತಿರಲಿಲ್ಲ. ಆ ವರ್ಷ ಹೊಸ ಫಾದರ್ ಬಂದಿದ್ದರು. ಮೊದಲ ಸಲವೇ ಅವರು ಆ ಕಾಲಿಗೆ ಮುತ್ತಿಡಬೇಕೇ ಎಂದು ನಾನು ಯೋಚಿಸಿದೆ. ಅವರನ್ನು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು ಎಂಬುದೂ ಗೊತ್ತಿತ್ತು.

ಹಬ್ಬದ ವಾರ ಅವನು ಅಂಗಡಿಗೆ ಬಂದು, ಹೊಸಿಲಿನಾಚೆಯೇ ನಿಂತು ಕೇಳಿದ. ನಾನು ಚಪ್ಪಲಿಯ ಧೂಳು ಒರೆಸುತ್ತಾ, ಮುಖ ಎತ್ತದೆ ಹೇಳಿದೆ:

"ಹನ್ನೆರಡು ಜನ ಆಗ್ಬುಟ್ರು ಕಣಣ್ಣ."

ಆಗಿದ್ದವರು ಹನ್ನೊಂದೇ. ಅವನು ಆಗಲಿ ಬಿಡಪ್ಪ ಎಂದು ಹೊರಟ. ಮುಖ ಎತ್ತದ ನನಗೆ ಕಂಡದ್ದು ಅವನ ಕಾಲು ಮಾತ್ರ — ಅಂದು ಅದು ಎಂದಿನಂತಿರಲಿಲ್ಲ. ತಿಕ್ಕಿ ತಿಕ್ಕಿ ಕೆಂಪಾಗಿತ್ತು, ಎಣ್ಣೆ ಹಚ್ಚಿದ್ದ. ನೋಡಿದೆ. ಕರೆಯಬಹುದಿತ್ತು, ಅವನಿನ್ನೂ ರಸ್ತೆ ದಾಟಿರಲಿಲ್ಲ... ಕರೆಯಲಿಲ್ಲ.

ಹೇಳಿದ ಸುಳ್ಳು ಬಯಲಾಗಬಾರದೆಂದು ಹನ್ನೆರಡನೆಯ ಕುರ್ಚಿಯಲ್ಲಿ ನಾನೇ, ಕಾಲಿಗೆ ಪೌಡರ್ ಬಳಿದುಕೊಂಡು, ಕೂತೆ. ಅಂದು ಚರ್ಚಿನ ನಲ್ಲಿಯಲ್ಲಿ ನೀರು ಬರಲಿಲ್ಲ. ನೀರಿನ ತೊಂದರೆ ಎಂದರೆ ಎಲ್ಲರಿಗೂ ನೆನಪಾಗುವುದು ಒಬ್ಬನೇ. ಚೌರಪ್ಪಣ್ಣ ಪಕ್ಕದ ಬಾವಿಯಿಂದ ಸೇದಿ, ಬಕೆಟುಗಳಲ್ಲಿ ಹೊತ್ತು ತಂದ. ಆ ನೀರಿನಲ್ಲೇ ಫಾದರ್ ನನ್ನ ಕಾಲು ತೊಳೆದರು. ಯೇಸುಸ್ವಾಮಿ ತನ್ನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನ ಕಾಲನ್ನೂ ಬಿಡದೆ ತೊಳೆದ. ನಾನೋ ಕಾಲು ನೋಡಿ ಮನುಷ್ಯನನ್ನು ಆರಿಸಿದೆ. ಇದು ಆ ಕುರ್ಚಿಯಲ್ಲಿ ಕೂತಾಗಲೇ ಹೊಳೆದಿತ್ತು. ಹೊಳೆದರೂ ಏಳಲಿಲ್ಲ.

ಅವನು ಮತ್ತೆಂದೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಬಂದು ಪಾದದಲ್ಲಿ ಗಾಯವಾಯಿತು. ಹೆಂಡತಿ ಲೂರ್ದಮ್ಮನಿಗೆ ಕಣ್ಣು ಮಂದ, ತೊಳೆದು ಪಟ್ಟಿ ಕಟ್ಟುವವರಿಲ್ಲ ಎಂದು ಚರ್ಚಿನಲ್ಲಿ ಯಾರೋ ಹೇಳಿದರು. ನಾನು ಹೋದೆ. ಪ್ರೀತಿಯಿಂದ ಹೋದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ — ಹಳೆಯದು ಚುಚ್ಚುತ್ತಿತ್ತು, ಹೋದೆ. ಉಗುರುಬೆಚ್ಚಗಿನ ನೀರು, ಮೆತ್ತಗೆ ಒತ್ತಿ ಒರೆಸುವುದು, ಬೆರಳ ಸಂದಿಯಲ್ಲಿ ತೇವ ಉಳಿಸದಿರುವುದು, ಎಲ್ಲ ನರ್ಸಮ್ಮ ಹೇಳಿಕೊಟ್ಟಂತೆ. ಮೊದಲ ದಿನ ಉಸಿರು ಬಿಗಿಹಿಡಿದೇ ಕೆಲಸ ಮುಗಿಸಿದೆ.

ಗಾಯ ಒಣಗಿತು. ವಾರಕ್ಕೊಮ್ಮೆ ಅವನ ಕಾಲು ತೊಳೆದು ಎಣ್ಣೆ ಸವರಲು ನಾನು ಹೋಗುವುದು ನಿಲ್ಲಲಿಲ್ಲ. ಶನಿವಾರ ಬಂತೆಂದರೆ ಕಾಲು ತಾನೇ ಅತ್ತ ಎಳೆಯುತ್ತಿತ್ತು. ಒಮ್ಮೆ ಸ್ಕೂಟರಿನಲ್ಲಿ ಜೋರಾಗಿ ಹಾಡಿಕೊಂಡು ಹೋಗುತ್ತಿದ್ದೇನೆ, ಎದುರು ಬಂದ ಪಾಂಡವಪುರದ ಬಸ್ಸಿನ ಡ್ರೈವರು ನೋಡಿ ನಕ್ಕ. ಚೌರಪ್ಪಣ್ಣನ ಪಕ್ಕದ ಮನೆಯ ನಿಂಗೇಗೌಡರು ಒಂದು ದಿನ ಹಾಲು ಕರೆದು ಡೇರಿಗೆ ಹಾಕಿ ಬಂದವರೇ ಅವನ ಜಗಲಿಯ ಮೇಲೆ ಕಾಲು ಚಾಚಿ, ನನಗೂ ಬಗ್ಗಲು ಆಗುವುದಿಲ್ಲ, ಉಗುರು ಕತ್ತರಿಸಪ್ಪ ಎಂದರು. ಮರುವಾರ ಅವರ ಅಕ್ಕ ಬಂದರು. ಈಗ ಶನಿವಾರ ಆ ಜಗಲಿಯ ತುಂಬ ಮುದಿ ಕಾಲುಗಳು, ಕಾಫಿ, ಹರಟೆ, ನಗು. ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸಲು ಮುಖ ಸಿಂಡರಿಸುತ್ತಿದ್ದವರು ಇವರೇನಾ ಎಂದು ನನ್ನ ಹೆಂಡತಿ ತೆರೇಸಮ್ಮ ಕೇಳುತ್ತಾಳೆ. ಒಳ್ಳೆಯ ವ್ಯಾಪಾರವಾದ ದಿನವೂ ನಾನು ಇಷ್ಟು ಹಗುರವಾಗಿ ಮನೆಗೆ ಬಂದವನಲ್ಲ.

ಸಂತೋಷ ಹೆಚ್ಚಿದಷ್ಟೂ ಭಯ ಹೆಚ್ಚಿತು. ಹಳೆಯ ಸುಳ್ಳನ್ನು ಹೇಳಿಬಿಟ್ಟರೆ — ಚೌರಪ್ಪಣ್ಣ ಕಾಲು ಹಿಂದಕ್ಕೆಳೆದುಕೊಂಡರೆ? ಈ ಶನಿವಾರಗಳೇ ಇಲ್ಲವಾದರೆ? ಹೇಳದಿದ್ದರೆ, ಅವನ ಕಾಲು ಹಿಡಿದುಕೊಂಡೇ ಅವನಿಗೆ ಮೋಸ ಮಾಡುತ್ತಿದ್ದೇನೆ...

ಈ ವರ್ಷ ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಹೇಳಿಬಿಟ್ಟೆ. ಉಳಿದವರೆಲ್ಲ ಎದ್ದುಹೋಗಿದ್ದರು, ಅವನ ಪಾದ ನನ್ನ ತೊಡೆಯ ಮೇಲಿತ್ತು. ಕುರ್ಚಿ ಖಾಲಿಯಿತ್ತು, ನಾನೇ ಕೂತೆ, ನಿನ್ನ ಕಾಲು ನೋಡಿ ಅಸಹ್ಯಪಟ್ಟೆ — ಒಂದನ್ನೂ ಬಿಡಲಿಲ್ಲ. ಅವನು ಕರಿಘಟ್ಟದ ಬೆಟ್ಟದ ಕಡೆ ಮುಖ ತಿರುಗಿಸಿದ.

"ಅವತ್ತು ಇಟ್ಟಿಗೆ ಚೂರ್ನಾಗೆ ರಕ್ತ ಬರಂಗೆ ಉಜ್ಜಿದ್ದೆ ಕಣ್ಲಾ, ಇನ್ನಾಸಿ."

ಅಷ್ಟೇ ಅಂದ. ಕಾಲನ್ನು ಮಾತ್ರ ಅವನು ತೆಗೆಯಲಿಲ್ಲ.

ನಾನು ಎಣ್ಣೆ ಸವರಿ ಮುಗಿಸಿದ ಮೇಲೆ, ಅವನು ಲೂರ್ದಮ್ಮನನ್ನು ಕೂಗಿ ಬೇರೆ ನೀರು ತರಿಸಿದ. ಚಪ್ಪಲಿ ಬಿಚ್ಚಿ ಕಾಲು ಮೇಲಿಡು ಎಂದ. ನಾನು ಬೇಡವೆಂದು ಎದ್ದೆ.

"ಕುಂತ್ಕಳ್ಲಾ. ಇಷ್ಟ್ ದಿವ್ಸ ಈ ಸುಖನೆಲ್ಲ ನೀನೊಬ್ನೇ ಉಂಡ್ಬುಟ್ಟೆ. ನಂಗೂ ಒಸಿ ಕೊಡು."

ಕೂತೆ. ಚಪ್ಪಲಿ ವ್ಯಾಪಾರಿಯ ಕಾಲು — ಹಿಮ್ಮಡಿ ಒಡೆದಿತ್ತು, ಉಗುರು ಬೆಳೆದಿತ್ತು, ಅಂದಿನ ಪೌಡರೂ ಇರಲಿಲ್ಲ. ಇದಕ್ಕಿಂತ ನಿಂಗೇಗೌಡರ ಎಮ್ಮೆಯ ಕಾಲೇ ವಾಸಿ ಎಂದು ಗೇಲಿ ಮಾಡುತ್ತಾ, ಒಂದೊಂದೇ ಬೆರಳು ಬಿಡಿಸಿ ತೊಳೆದ. ಅವನ ಮುಖ ನೋಡಿದೆ, ನಿಜಕ್ಕೂ ಖುಷಿಯಾಗಿದ್ದ. ನಾನು ನಗುತ್ತಲೇ ಅತ್ತುಬಿಟ್ಟೆ.

ಕ್ಷಮಿಸಿದೆಯಾ ಎಂದು ನಾನು ಕೇಳಿಲ್ಲ. ಕೇಳುವ ಹಕ್ಕು ನನ್ನದಲ್ಲ. ಆರಿಸುವ ಕೆಲಸವನ್ನು ಫಾದರಿಗೆ ಒಪ್ಪಿಸಿ, ಕಾರಣವನ್ನೂ ಹೇಳಿದ್ದೇನೆ. ಬರುವ ಪವಿತ್ರ ಗುರುವಾರ ಚೌರಪ್ಪಣ್ಣ ಕುರ್ಚಿಯಲ್ಲಿ ಕೂರುತ್ತಾನೆ. ಈಗ ಚರ್ಚಿನ ನಲ್ಲಿಯಲ್ಲಿ ನೀರು ಚೆನ್ನಾಗಿಯೇ ಬರುತ್ತದೆ. ಆದರೂ ಅಂದು ಬಾವಿಯಿಂದ ಸೇದಿ ಹೊತ್ತು ತರುವವನು ನಾನು.