ಅಮ್ಮನ ಮೊಗೆಬೀಜ

ನನ್ನ ಓರಗಿತ್ತಿಗೆ ತರಕಾರಿ ಬೆಳೆಯಲು ಬರುವುದಿಲ್ಲ, ಕೊಯ್ಯಲು ಮಾತ್ರ ಬರುತ್ತದೆ. ಹಿಸ್ಸೆಯಾದ ಮೇಲೆ ನಮ್ಮಿಬ್ಬರ ಹಿತ್ತಿಲುಗಳ ನಡುವೆ ಬೇಲಿ ಬಂತು. ಅದು ದನಗಳಿಗೆ ಅರ್ಥವಾಯಿತು, ಅವಳಿಗೆ ಆಗಲಿಲ್ಲ. ನನ್ನ ಬೆಂಡೆ, ಹರಿವೆ, ಬಸಳೆ ಎಲ್ಲ ಅವಳ ಪಾತ್ರೆಗೆ ಹೋಗುತ್ತಿದ್ದವು. ಹಲ್ಲು ಕಚ್ಚಿ ಸಹಿಸಿಕೊಂಡಿದ್ದೆ.

ಮೊಗೆಕಾಯಿಯ, ಅಂದರೆ ಸಾಂಬಾರು ಸೌತೆಯ, ಮಾತು ಬೇರೆ. ಯಲ್ಲಾಪುರದ ತವರಿನಿಂದ ಅಮ್ಮ ಬೂದಿ ಹಚ್ಚಿ ಕೊಟ್ಟ ಬೀಜ ಅದು. ಅಮ್ಮ ಈಗಿಲ್ಲ, ತವರಿನ ಹಿತ್ತಿಲಲ್ಲಿ ಕಾರು ನಿಲ್ಲಿಸುತ್ತಾರೆ. ಆ ತಳಿ ಉಳಿದದ್ದು ನನ್ನಲ್ಲಿ ಮಾತ್ರ. ಹೋದ ವರ್ಷ ಮಂಗಗಳು ಬಳ್ಳಿಗಳನ್ನು ಕಿತ್ತೊಗೆದ ಮೇಲೆ ಒಂದು ಬಳ್ಳಿಯಲ್ಲಿ ಒಂದೇ ಕಾಯಿ ಉಳಿಯಿತು. ಬೀಜಕ್ಕೆ ಬಿಟ್ಟದ್ದು ಎಂದು ತಿಳಿಯಲಿಕ್ಕೆ ಅದರ ತೊಟ್ಟಿಗೆ ಬಾಳೆನಾರು ಕಟ್ಟಿದೆ. ಅಂಥ ಕಾಯಿಯನ್ನು ನಮ್ಮ ಕಡೆ ಕಳ್ಳರೂ ಮುಟ್ಟುವುದಿಲ್ಲ.

ಸಿದ್ದಾಪುರದ ಮದುವೆಮನೆಯಿಂದ ಬಂದು ನೋಡಿದರೆ ಬಳ್ಳಿಯಲ್ಲಿ ತೊಟ್ಟು ಮಾತ್ರ ಇತ್ತು. ನೇರ ಅವಳ ಅಡುಗೆಮನೆಗೆ ಹೋದೆ.

"ಅಕ್ಕಾ, ನಾರು ಕಟ್ಟಿದ್ದು ಕಂಡಿದ್ದಿಲ್ಯ?"

"ಕಂಡಿತ್ತು. ಮಂಗ ತಿಂದ್ಕಂಡು ಹೋಗ್ತಿತ್ತು, ಅದ್ಕೆ ಕೊಯ್ದಿ. ನಿಂಗೂ ಹುಳಿ ಎತ್ತಿಟ್ಟಿದ್ದಿ, ತಗಂಡು ಹೋಗು."

"ಬೀಜ?"

"ಗೊಬ್ಬರ ಗುಂಡಿಗೆ ಹಾಕಿದಿ. ಅದ್ಕೆಂತ ಆತು, ಶಿರಸಿ ಪೇಟೆಲಿ ಸಿಕ್ತಲೆ."

ಆ ಹುಳಿಯನ್ನು ಅವಳೆದುರೇ ದನದ ಬಾನಿಗೆ ಸುರಿದು ಬಂದೆ. ಅಲ್ಲಿಗೆ ಮಾತು ನಿಂತಿತು.

ಈ ಮಳೆಗಾಲದಲ್ಲಿ ಅವಳ ಗೊಬ್ಬರ ಗುಂಡಿಯಲ್ಲಿ ಮೊಗೆಬಳ್ಳಿ ಎದ್ದಿತು. ಕಾಯಿಗಳಿಗೆ ಅಮ್ಮನ ತಳಿಯಂತೆಯೇ ಮೈತುಂಬ ಗೀರು, ಕತ್ತು ತುಸು ಸೊಟ್ಟ. ಬೇಲಿಯಾಚೆಯಿಂದಲೇ ಗುರುತು ಹಿಡಿದೆ. ಕಣ್ಣೀರು ಬಂತು, ಅದಕ್ಕೂ ಸಿಟ್ಟು ಬಂತು. ಕಾಯಿ ಬಲಿಯುವ ಹೊತ್ತಿಗೆ ಮಾನ ಬಿಟ್ಟು ಕೇಳಿದೆ.

"ಅಕ್ಕಾ, ಒಂದು ಬಲಿತ ಕಾಯಿ ಕೊಡು. ಬೀಜಕ್ಕೆ."

"ಅಡ್ಡಿಲ್ಲೆ, ಕೊಡ್ತಿ," ಎಂದು ನಕ್ಕಳು.

ಕೊಟ್ಟಳು. ತಾನೇ ತಂದು ಜಗಲಿಯ ಮೇಲಿಟ್ಟು ಹೋದಳು. ಉಗುರು ಊರಿದರೆ ಸಿಪ್ಪೆಯೊಳಗೆ ಇಳಿಯಿತು. ಹೆಚ್ಚಿ ನೋಡಿದೆ. ಒಳಗೆ ಬೀಜವೇ ಕಟ್ಟಿರಲಿಲ್ಲ, ಬರೀ ನೀರು ತುಂಬಿದ ಪೊರೆ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಎಳೆಯದಾವುದು ಬಲಿತದ್ದಾವುದು ಎಂದು ತಿಳಿಯುವುದಿಲ್ಲವೇ?

ಬಲಿತವೆಲ್ಲ ಅವಳ ಜಗಲಿಯ ಮಾಡಿಗೆ ಸಾಲಾಗಿ ತೂಗುತ್ತಿವೆ. ನಮ್ಮ ಅಂಗಳದಿಂದ ಕಾಣುತ್ತವೆ. ಇನ್ನೊಮ್ಮೆ ನಾನು ಕೇಳುವುದಿಲ್ಲ. ಅಮ್ಮನ ಬೀಜ ಬದುಕಿದೆ, ಅವಳ ಮನೆಯಲ್ಲಿ. ಮಂಗ ತಿಂದು ಹಾಳಾಗಿದ್ದರೇ ಚೆನ್ನಾಗಿತ್ತು ಎಂದು ದಿನಾ ಬೆಳಿಗ್ಗೆ ಅನಿಸುತ್ತದೆ.